ಬರ್ಕ್ಲಿಯ ಬೆಕ್ಕು, ಸ್ಯಾನ್ ಹೊಸೆಯ ಕೋತಿ

ಬರ್ಕ್ಲಿ

ಅಮೆರಿಕದಿಂದ ತಿರುಗಿ ಬಂದವಳನ್ನು ಮೈಸೂರಿನಲ್ಲಿ ಎಲ್ಲರೂ ಕೇಳಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಕೆಂಪು ಸೇತುವೆಯ ಬಗ್ಗೆ. ನೋಡಿದೆ ಎಂದೆ. ಸುಳ್ಳಲ್ಲ. ಆದರೆ ನಾನು ಹೋದ ದಿನ ಕಂಡದ್ದು ಸೇತುವೆಯ ಈಚೆ ತುದಿ ಮಾತ್ರ, ಉಳಿದದ್ದನ್ನು ಮಂಜು ನುಂಗಿತ್ತು. ಅದೂ ಜೂನ್ ತಿಂಗಳಲ್ಲಿ. ಸೀರೆಯ ಮೇಲೆ ಗಂಡಸರ ಸ್ವೆಟರು, ಅದರ ಮೇಲೊಂದು ಶಾಲು ಹೊದ್ದು ನಡುಗುತ್ತ ನಿಂತಿದ್ದೆ. ಪ್ರವಾಸಿಯೊಬ್ಬ ಸೇತುವೆ ಕಾಣದ್ದಕ್ಕೆ ನನ್ನ ಫೋಟೋ ತೆಗೆದುಕೊಂಡು ಹೋದ.

ನಾನು ಹೋದದ್ದು ಸೇತುವೆ ನೋಡಲಿಕ್ಕಲ್ಲ. ಬರ್ಕ್ಲಿಯ ಗುಡ್ಡದ ಮೇಲೆ ಕ್ರೈಸ್ತ ದೈವಶಾಸ್ತ್ರದ ದೊಡ್ಡದೊಂದು ಗ್ರಂಥಾಲಯವಿದೆ. ಅಲ್ಲಿ ಒಂದು ಬೇಸಗೆ ಕೂತು ಓದಲು ನನಗೆ ಅವಕಾಶ ಸಿಕ್ಕಿತ್ತು. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುವವಳು ನಾನು. ಯಾವ ಪಠ್ಯಪುಸ್ತಕದಲ್ಲೂ ಬರದ ಯುರೋಪಿನ ಸಣ್ಣ ಚಿಂತಕರ ಜೀವನಗಳನ್ನು ಕನ್ನಡದಲ್ಲಿ ಬರೆಯಬೇಕೆಂಬ ಹುಚ್ಚು ಹತ್ತಿಸಿಕೊಂಡಿದ್ದೆ. ನಮ್ಮ ಪ್ರಿನ್ಸಿಪಾಲರು ಕೇಳಿದ್ದರು, "ದೊಡ್ಡವರೇ ನಮ್ಮ ಹುಡುಗಿಯರಿಗೆ ತಲೆಗೆ ಹತ್ತುತ್ತಿಲ್ಲ. ಸಣ್ಣವರನ್ನು ಯಾಕಮ್ಮ ಹಿಡಕೊಂಡಿರಿ?" ದೊಡ್ಡವರನ್ನು ಹೊರಲು ಬೇಕಾದಷ್ಟು ಜನ ಇದ್ದಾರೆ ಸಾರ್ ಎಂದಿದ್ದೆ.

ಆ ಗ್ರಂಥಾಲಯದ ಕಪಾಟುಗಳ ಕೆಳಸಾಲುಗಳಲ್ಲಿ ನನ್ನವರು ಇದ್ದರು. ನರಕವೇ ಇಲ್ಲವೆಂದು ವಾದಿಸಿ ಚರ್ಚಿನಿಂದ ಹೊರಹಾಕಿಸಿಕೊಂಡು, ಆಮೇಲೆ ಬದುಕಿಡೀ ಜೇನು ಸಾಕಿದವನೊಬ್ಬ. ದೇವರಿಗೆ ಗುಣಗಳೇ ಇಲ್ಲ ಎಂದು ದಪ್ಪ ಪುಸ್ತಕ ಬರೆದು, ಮನೆಯಲ್ಲಿ ಹೆಂಡತಿಯ ಮುಂದೆ ಬಾಯಿಬಿಡಲು ಹೆದರುತ್ತಿದ್ದವನೊಬ್ಬ. ಇವರ ನಡುವೆ ನನಗೆ ಬೇಸರವೇ ಆಗುತ್ತಿರಲಿಲ್ಲ. ನಾನೊಂದು ನಿಯಮ ಮಾಡಿಕೊಂಡಿದ್ದೆ: ನನ್ನ ಪುಸ್ತಕದಲ್ಲಿ ಸತ್ತವರಿಗೆ ಮಾತ್ರ ಜಾಗ. ಬದುಕಿರುವವರ ಜೀವನ ಬರೆಯುವುದು ಬೇಯುತ್ತಿರುವ ಅನ್ನಕ್ಕೆ ರುಚಿ ಹೇಳಿದಂತೆ.

ಒಂದು ಬೆಳಿಗ್ಗೆ ಹಂಗೇರಿಯ ಪ್ರೊಟೆಸ್ಟಂಟ್ ಪಾದ್ರಿಯೊಬ್ಬರ ತೆಳ್ಳನೆಯ ಪುಸ್ತಕವನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತ ಕೂತಿದ್ದೆ. ಬೇಲಾ ಎಂದು ಅವರ ಹೆಸರು. ಮನುಷ್ಯನ ಕೈಯಲ್ಲಿ ಏನೂ ಇಲ್ಲ, ದೇವರ ಕೃಪೆಯೇ ಬೇಕಾದವರನ್ನು ಎತ್ತಿಕೊಂಡು ಹೋಗುತ್ತದೆ ಎಂಬುದು ಅದರ ತಿರುಳು. ಎದುರಿನ ಮೇಜಿನಲ್ಲಿ ದಿನಾ ಬಂದು ಕೂರುತ್ತಿದ್ದ ಎತ್ತರದ ಮುದುಕರೊಬ್ಬರು ಬಗ್ಗಿ ಪುಸ್ತಕದ ಬೆನ್ನು ನೋಡಿದರು.

"ಅದನ್ನು ಓದಬೇಡಿ" ಎಂದರು.

"ಯಾಕೆ, ಚೆನ್ನಾಗಿಲ್ಲವೇ?"

"ತುಂಬ ಕೆಟ್ಟ ಪುಸ್ತಕ. ನಾನೇ ಬರೆದದ್ದು."

ಇವರು ಯಾವಾಗಲೋ ತೀರಿಕೊಂಡಿರಬೇಕು ಎಂದುಕೊಂಡಿದ್ದೆ. ಮುಚ್ಚಿಡಲು ಬರದೆ ನನ್ನ ಪುಸ್ತಕದ ನಿಯಮವನ್ನೂ ಹೇಳಿಬಿಟ್ಟೆ. ಬೇಲಾ ಗಂಭೀರವಾಗಿ ತಲೆಯಾಡಿಸಿದರು. "ಸ್ವಲ್ಪ ಕಾಯಿರಿ" ಎಂದರು.

ಅಂದಿನಿಂದ ಮಧ್ಯಾಹ್ನ ಹೊರಗಿನ ಕಟ್ಟೆಯ ಮೇಲೆ ಒಟ್ಟಿಗೆ ಊಟ. ನನ್ನ ಮೊಸರನ್ನಕ್ಕೆ ಅವರು ಸಕ್ಕರೆ ಹಾಕಿಕೊಂಡು ತಿನ್ನುವುದನ್ನು ನೋಡಿ ಮೊದಲ ದಿನ ಮುಖ ತಿರುಗಿಸಿಕೊಂಡೆ, ಆಮೇಲೆ ಅಭ್ಯಾಸವಾಯಿತು. ಅದೇ ಕಪಾಟಿನಲ್ಲಿ ಅವರ ಪುಸ್ತಕಕ್ಕೆ ಉತ್ತರವಾಗಿ ಬರೆದ ಇನ್ನೊಂದು ಪುಸ್ತಕವಿತ್ತು. ಕೃಪೆ ಕೈಚಾಚಬಹುದು, ಹಿಡಿದುಕೊಳ್ಳಬೇಕಾದವನು ಮನುಷ್ಯನೇ ಎಂದು ಅದರ ವಾದ. ಬರೆದವರು ಲಾಯೊಶ್. ಅವರ ಬಗ್ಗೆ ಕೇಳಿದೆ.

"ನಾವಿಬ್ಬರೂ ಒಂದೇ ಊರಿನವರು. ಒಂದೇ ಬೆಂಚಿನಲ್ಲಿ ಕೂತು ಓದಿದವರು" ಎಂದರು ಬೇಲಾ.

"ತೀರಿಕೊಂಡರೇ?"

"ಸ್ಯಾನ್ ಹೊಸೆಯಲ್ಲಿದ್ದಾನೆ."

ಕಾರಿನಲ್ಲಿ ಒಂದು ಗಂಟೆಯ ದಾರಿ. ಆದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಲ್ಲವಂತೆ. ಜಗಳ ಯಾವುದರ ಮೇಲೆ ಎಂದರೆ, "ಸಿದ್ಧಾಂತ" ಎಂದು ಸೇಬು ಕತ್ತರಿಸತೊಡಗಿದರು.

ನನಗೆ ಇದೇನೂ ವಿಚಿತ್ರವೆನಿಸಲಿಲ್ಲ. ನಾವು ಮೇಲುಕೋಟೆ ಕಡೆಯ ಅಯ್ಯಂಗಾರರು. ನಮ್ಮಲ್ಲಿ ತೆಂಗಲೆಯವರು ಬೆಕ್ಕಿನ ಪಕ್ಷ: ತಾಯಿಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವಂತೆ ದೇವರು ಭಕ್ತನನ್ನು ಒಯ್ಯುತ್ತಾನೆ, ಮರಿ ಸುಮ್ಮನಿದ್ದರೆ ಸಾಕು. ವಡಗಲೆಯವರು ಕೋತಿಯ ಪಕ್ಷ: ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯಬೇಕು. ಹಣೆಯ ನಾಮಕ್ಕೆ ಮೂಗಿನ ಮೇಲೆ ಇಳಿಯುವ ಪಾದ ಇರಬೇಕೋ ಬೇಡವೋ ಎಂಬ ಮಾತಿನಲ್ಲಿ ನನ್ನ ಸೋದರತ್ತೆಯ ಮಗಳ ಮದುವೆ ಚಪ್ಪರದಲ್ಲೇ ಮುರಿಯುವುದರಲ್ಲಿತ್ತು. ಇದನ್ನೆಲ್ಲ ಹೇಳಿದಾಗ ಬೇಲಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹಾಗಾದರೆ ನಾನು ಬೆಕ್ಕು" ಎಂದರು. "ಲಾಯೊಶ್ ಕೋತಿ. ಇದು ಅವನಿಗೆ ಗೊತ್ತಾಗಬೇಕಿತ್ತು." ಆಮೇಲೆ ಸೇಬಿನ ಹೋಳುಗಳನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಒಳಗೆ ಹೋದರು.

ಸ್ಯಾನ್ ಮಟಿಯೋ

ಶನಿವಾರ, ಭಾನುವಾರ ನಾನು ಸ್ಯಾನ್ ಮಟಿಯೋದ ಪದ್ಮಳ ಮನೆಯಲ್ಲಿ. ಪದ್ಮ ಮಂಡ್ಯದ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ತರ್ಕಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು ಈಗ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡುತ್ತಾಳೆ, ಫ್ರೀವೇಯಲ್ಲಿ ಒಂದು ಕೈಯಲ್ಲಿ ಕಾರು ಓಡಿಸುತ್ತಾಳೆ. ಗಂಡ ಇಂಜಿನಿಯರು, ಕೆಲಸದ ಮೇಲೆ ಸದಾ ಪ್ರವಾಸ. ಎಂಟು ವರ್ಷದ ಮಗಳು ಸ್ಮಿತಾಗೆ ನಾನು ಕನ್ನಡದಲ್ಲಿ ಏನು ಕೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಆ ಮನೆಯಲ್ಲಿದ್ದ ದಪ್ಪ ಟೆಲಿಫೋನು ಪುಸ್ತಕ ತಿರುವಿದರೆ ಲಾಯೊಶ್ ಅವರ ಹೆಸರು ಸಿಕ್ಕಿಯೇಬಿಟ್ಟಿತು. ಫೋನು ಮಾಡಿದೆ. "ನಾನು ಲಾಯೊಶ್. ಮನೆಯಲ್ಲಿಲ್ಲ" ಎಂದಿತು ಒಂದು ಗಡಸು ದನಿ.

"ಹೌದೇ? ಎಲ್ಲಿಗೆ ಹೋಗಿದ್ದೀರಿ?" ಎಂದೆ. ಅವರು ಮಾತಾಡಲಿಲ್ಲ. ಕೋಪ ಬಂತೇನೋ ಎಂದುಕೊಂಡು ನನ್ನ ಊರು, ಕಾಲೇಜು, ಬಂದ ಉದ್ದೇಶ ಎಲ್ಲ ವಿವರಿಸಿ, ಹೊತ್ತಲ್ಲದ ಹೊತ್ತಿನಲ್ಲಿ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿದೆ. ಸ್ಮಿತಾ ಸೋಫಾದ ಮೇಲೆ ಬಿದ್ದು ಹೊರಳಾಡಿ ನಗುತ್ತಿದ್ದಳು.

"ಮೇಡಂ, ಅದು ಮೆಷೀನು!" ಎಂದಳು ಪದ್ಮ. "ಅವರು ಮನೇಲಿಲ್ದೇ ಇದ್ರೆ ಅದು ರೆಕಾರ್ಡ್ ಮಾಡ್ಕೊಳ್ಳುತ್ತೆ. ಟೇಪು ಪೂರ್ತಿ ನೀವೇ ತುಂಬ್ಸಿರ್ತೀರ."

ಸಂಜೆ ಅದೇ ಗಡಸು ದನಿ ತಾನಾಗಿ ಫೋನು ಮಾಡಿತು. "ನನ್ನ ಯಂತ್ರದ ಹತ್ತಿರ ಇಷ್ಟು ಮರ್ಯಾದೆಯಿಂದ ಯಾರೂ ಮಾತಾಡಿರಲಿಲ್ಲ. ನಾಳೆ ಬನ್ನಿ."

ಬೆಳಗಾಗುತ್ತಲೇ ಪದ್ಮ ಕಾರಿನ ಬೀಗದಕೈ ಎತ್ತಿಕೊಂಡೇ ಬಿಟ್ಟಳು. "ನಮ್ ಗ್ರೋಸರಿನೂ ಅಲ್ಲೇ ಮೇಡಂ. ಒಂದು ಗಂಟೆ ಡ್ರೈವು ಅಂದ್ರೆ ಇಲ್ಲಿ ಪಕ್ಕದ್ಮನೆ ಲೆಕ್ಕ."

ಸ್ಯಾನ್ ಹೊಸೆ

ಹಿಂದೆ ಈ ಊರೆಲ್ಲ ಹಣ್ಣಿನ ತೋಟವಾಗಿತ್ತಂತೆ. ಈಗ ಗಾಜಿನ ಆಫೀಸುಗಳು, ಒಂದೇ ಅಚ್ಚಿನಲ್ಲಿ ಒತ್ತಿ ತೆಗೆದಂಥ ಮನೆಗಳು. ಲಾಯೊಶ್ ಅವರ ಹಿತ್ತಲಲ್ಲಿ ಮಾತ್ರ ಹಳೆಯ ತೋಟದ ಒಂದು ಜರದಾಳು ಮರ ಉಳಿದುಕೊಂಡು, ಹಣ್ಣಿನ ಭಾರಕ್ಕೆ ಬಗ್ಗಿ ನಿಂತಿತ್ತು. ಲಾಯೊಶ್ ಗಿಡ್ಡ, ದಪ್ಪ, ಕೆಂಪು ಮುಖ. ಶಾಲೆಯೊಂದರಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನಮ್ಮನ್ನು ಮರದ ಕೆಳಗೆ ಕೂರಿಸಿ ಕಷಾಯದಂಥ ಕಾಫಿ ಕೊಟ್ಟರು. ನಾನು ಸಕ್ಕರೆ ಹಾಕದೆ ಕುಡಿಯುವವರೆಗೆ ಬಿಡಲಿಲ್ಲ.

ಬೆಕ್ಕು, ಕೋತಿಯ ವಿಷಯ ಅವರಿಗೂ ಹೇಳಿದೆ. ಅವರು ನಗಲಿಲ್ಲ.

"ನಾನು ಕೋತಿ ಅಂತ ಯಾರು ಹೇಳಿದ್ದು? ಬೇಲಾನೇ?"

ಬರ್ಕ್ಲಿಯಲ್ಲಿ ಅವರ ಪರಿಚಯವಾದದ್ದನ್ನು ಒಪ್ಪಿಕೊಂಡೆ. ಲಾಯೊಶ್ ಕಪ್ಪನ್ನು ಕೆಳಗಿಟ್ಟರು. "ಕಿವಿ ಕೇಳಿಸುತ್ತದೆಯೇ ಅವನಿಗೆ?"

"ಕೇಳಿಸುತ್ತದೆ."

"ನನಗೆ ಎಡಗಿವಿ ಹೋಗಿದೆ" ಎಂದರು. ಆಮೇಲೆ ನಾನು ಕೇಳದೆಯೇ ಹೇಳತೊಡಗಿದರು.

ಯುದ್ಧದ ಕೊನೆಯ ಚಳಿಗಾಲ. ಪೂರ್ವದಿಂದ ಶತ್ರುಸೈನ್ಯ ಹತ್ತಿರ ಬರುತ್ತಿತ್ತು. ಸಿಕ್ಕ ಗಂಡಸರನ್ನೆಲ್ಲ ಹಿಡಿದೊಯ್ಯುತ್ತಿದ್ದರು. ಊರು ಬಿಟ್ಟು ಪಶ್ಚಿಮಕ್ಕೆ ನಡೆದವರು ಮೂವರು: ಲಾಯೊಶ್, ಬೇಲಾ, ಮತ್ತೆ ಮಾರ್ತಾ. ಮಾರ್ತಾ ಲಾಯೊಶ್ ಅವರ ತಂಗಿ. ಬೇಲಾಗೆ ಗೊತ್ತುಮಾಡಿದ ಹುಡುಗಿ. ದಾರಿಯಲ್ಲಿ ಅವಳಿಗೆ ಜ್ವರ ಬಂದು ಮೇಲೇಳದಾಯಿತು. ಒಬ್ಬ ರೈತ ಹೆಂಗಸಿನ ಮನೆಯಲ್ಲಿ ಉಳಿದರು. ಹೊತ್ತುಕೊಂಡು ಹೋಗೋಣ ಎಂದು ಲಾಯೊಶ್. ಬೆಳಿಗ್ಗೆ ಎದ್ದು ಬೇಲಾ ಹೇಳಿದರಂತೆ, ಅವಳನ್ನು ಇಲ್ಲೇ ಬಿಡೋಣ, ದೇವರು ನೋಡಿಕೊಳ್ಳುತ್ತಾನೆ.

"ಬಿಟ್ಟೆವು" ಎಂದರು ಲಾಯೊಶ್. "ನಾವು ದಾಟಿದ ಮೇಲೆ ಗಡಿ ಮುಚ್ಚಿತು. ವಸಂತದಲ್ಲಿ ಸುದ್ದಿ ಬಂತು. ನಾವು ಹೊರಟ ವಾರದಲ್ಲೇ ತೀರಿಹೋಗಿದ್ದಳು."

ಪದ್ಮ ಸೆರಗಿಲ್ಲದ ಬಟ್ಟೆಯಲ್ಲಿದ್ದಳು, ಅಂಗೈಯಲ್ಲೇ ಕಣ್ಣೊರೆಸಿಕೊಂಡಳು.

"ಅದೇ ವರ್ಷ ನಿರಾಶ್ರಿತರ ಶಿಬಿರದಲ್ಲಿ ಕೂತು ಅವನು ಆ ಪುಸ್ತಕ ಬರೆದ. ಮನುಷ್ಯನ ಕೈಯಲ್ಲಿ ಏನೂ ಇಲ್ಲ, ಎಲ್ಲ ಕೃಪೆ! ಅದರ ಪ್ರತಿಯೊಂದು ಪುಟವೂ ಹೇಳುವುದು ಒಂದೇ ಮಾತು: 'ನಾನಲ್ಲ.' ನಾನು ಉತ್ತರ ಬರೆದೆ. ಅದರ ಪ್ರತಿಯೊಂದು ಪುಟವೂ ಹೇಳುವುದು ಒಂದೇ ಮಾತು: 'ನೀನೇ.' ನಿಮ್ಮಂಥವರು ಗ್ರಂಥಾಲಯದಲ್ಲಿ ಕೂತು ಅದನ್ನು ದೈವಶಾಸ್ತ್ರ ಅಂತ ಓದುತ್ತೀರಿ."

ನಾನು ಮೂವತ್ತು ವರ್ಷ ಪಾಠ ಮಾಡಿದವಳು. ಕೃಪೆಯ ಬಗ್ಗೆ ಎಷ್ಟೋ ವಾದಗಳನ್ನು ಬೋರ್ಡಿನ ಮೇಲೆ ಬರೆದು ಅಳಿಸಿದ್ದೇನೆ. ಅವುಗಳ ಹಿಂದೆ ಯಾರ ಯಾರ ತಂಗಿಯರು ಇದ್ದರೋ ಎಂದು ಆ ಮರದ ಕೆಳಗೆ ಕೂತು ಮೊದಲ ಸಲ ಯೋಚಿಸಿದೆ.

ಹೊರಡುವಾಗ ಕೇಳಿದೆ, "ಒಮ್ಮೆ ಭೇಟಿಯಾಗುತ್ತೀರಾ?"

"ಇಲ್ಲ" ಎಂದು ಒಂದು ಚೀಲ ಹಣ್ಣು ಕೊಟ್ಟರು.

ಲಿವರ್‌ಮೋರ್

ಜುಲೈ ಕೊನೆಯ ಭಾನುವಾರ ಲಿವರ್‌ಮೋರಿನ ದೇವಸ್ಥಾನಕ್ಕೆ ಹೊರಟೆವು. ಇನ್ನೂ ಕಟ್ಟುತ್ತಿದ್ದರು. ಬೇಲಾಗೆ ಅದನ್ನು ನೋಡುವ ಆಸೆ, ನಾನೇ ಕರೆದಿದ್ದೆ. ಆ ಊರು ಸ್ಯಾನ್ ಫ್ರಾನ್ಸಿಸ್ಕೋದಂತಲ್ಲ. ನಮ್ಮ ಏಪ್ರಿಲ್ಲಿನ ಬಿಸಿಲು. ಗುಡ್ಡಗಳೆಲ್ಲ ಒಣಹುಲ್ಲಿನ ಬಣ್ಣ. ಒಂದು ಕಡೆ ದ್ರಾಕ್ಷಿತೋಟ, ಇನ್ನೊಂದು ಕಡೆ ಬಾಂಬಿನ ವಿಜ್ಞಾನ ಮಾಡುವ ಪ್ರಯೋಗಾಲಯ, ಗುಡ್ಡದ ಓರೆಯಲ್ಲಿ ನಮ್ಮ ದೇವರು. ಶಿವ, ವಿಷ್ಣು ಇಬ್ಬರಿಗೂ ಒಂದೇ ಸೂರು. ನಮ್ಮೂರಲ್ಲಾದರೆ ಇದಕ್ಕೆ ಒಂದು ತಲೆಮಾರು ಕೋರ್ಟಿನಲ್ಲಿ ಕಳೆಯುತ್ತಿತ್ತು ಎಂದೆ. ಪದ್ಮ ಅಂದಳು, "ಎರಡು ಕಟ್ಟಿದ್ರೆ ಪಾರ್ಕಿಂಗು ಎಲ್ಲಿಂದ ತರೋದು ಮೇಡಂ?"

ಕಾರು ನಿಲ್ಲಿಸಿದಾಗ ಪಕ್ಕದಲ್ಲಿ ದೋಣಿಯಂಥ ಹಳೆಯ ಕಾರೊಂದು ನಿಂತಿತ್ತು. ಅದಕ್ಕೆ ಒರಗಿಕೊಂಡು ಲಾಯೊಶ್.

ನಾನು ಪದ್ಮಳ ಮುಖ ನೋಡಿದೆ.

"ನಾನೇ ಫೋನ್ ಮಾಡ್ದೆ. ಬೇಲಾ ಅವ್ರೂ ಬರ್ತಾರೆ ಅಂತ ಹೇಳೇ ಕರ್ದೆ, ಸುಳ್ಳು ಹೇಳ್ಲಿಲ್ಲ. ಬಯ್ಬೇಡಿ ಮೇಡಂ. ನೀವು ಥಿಯರಿ, ನಾನು ಪ್ರಾಕ್ಟಿಕಲ್ಲು."

ಬಯ್ಯಲು ಹೊತ್ತಿರಲಿಲ್ಲ. ಬೇಲಾ ಕಾರಿನಿಂದ ಇಳಿದಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಬೇಲಾ ಟೋಪಿ ತೆಗೆದರು. ಏನನ್ನಿಸಿತೋ, ಮತ್ತೆ ಹಾಕಿಕೊಂಡರು. ಲಾಯೊಶ್ ಬಲಗಿವಿ ಬೇಲಾ ಕಡೆಗೆ ಬರುವಂತೆ ಸುತ್ತಿಬಂದು ನಿಂತು ಏನೋ ಅಂದರು. ಮುಂದಿನದೆಲ್ಲ ಹಂಗೇರಿಯನ್ ಭಾಷೆಯಲ್ಲಿ ನಡೆಯಿತು. ನಮಗೆ ಒಂದಕ್ಷರ ತಿಳಿಯದು.

ಇಬ್ಬರೂ ಗುಡ್ಡದ ಅಂಚಿನಲ್ಲಿ ಪೇರಿಸಿದ್ದ ಕಲ್ಲಿನ ಚಪ್ಪಡಿಗಳ ತನಕ ನಡೆದರು. ಕಂಬ ಕೆತ್ತುತ್ತಿದ್ದ ಶಿಲ್ಪಿಗಳು ಉಳಿ ನಿಲ್ಲಿಸಿ ನೋಡಿದರು. ಬೇಲಾ ಬಹಳ ಹೊತ್ತು ತಲೆ ತಗ್ಗಿಸಿ ಮಾತಾಡಿದರು. ಲಾಯೊಶ್ ಒಂದೇ ಒಂದು ಮಾತು ಅಂದರು. ಬೇಲಾ ತಲೆಯೆತ್ತಿದರು. ಆಮೇಲೆ ಕೂಗಿದ್ದು ಬೇಲಾ. ಆ ಮೆತ್ತನೆಯ ಮನುಷ್ಯನ ಗಂಟಲಲ್ಲಿ ಅಂಥ ದನಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ವೈ ಆರ್ ದೇ ಫೈಟಿಂಗ್?" ಎಂದಳು ಸ್ಮಿತಾ.

"ಫೈಟಿಂಗ್ ಅಲ್ಲ ಪುಟ್ಟಾ, ಮಾತಾಡ್ತಿದಾರೆ" ಎಂದಳು ಪದ್ಮ.

ಅರ್ಚಕರು ಸಕ್ಕರೆ ಪೊಂಗಲು ತಂದು ಇಬ್ಬರ ಕೈಗೂ ಹಾಕಿದರು. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ನಿಂತು ತಿಂದರು. ಲಾಯೊಶ್ ಕೈ ತೊಳೆದು, ನಮ್ಮ ಕಡೆ ತಲೆಬಾಗಿಸಿ, ಕಾರು ಹತ್ತಿ ಹೊರಟುಹೋದರು.

ಫ್ರೀವೇ

ಇದು ಊರಲ್ಲ. ಆದರೆ ಅಲ್ಲಿಯ ಜನ ಅರ್ಧ ಜೀವನ ಇದರ ಮೇಲೇ ಕಳೆಯುವುದರಿಂದ ಊರೆಂದೇ ಲೆಕ್ಕ ಹಿಡಿಯಬಹುದು.

ತುಂಬ ದೂರ ಹೋದ ಮೇಲೆ ಬೇಲಾ ಇಂಗ್ಲಿಷಿನಲ್ಲಿ, ಬೇರೆ ಯಾರದೋ ಕತೆ ಓದುವವರಂತೆ ಹೇಳಿದರು.

"ಬಿಟ್ಟುಹೋಗೋಣ ಅಂದದ್ದು ನಾನು. ಆದರೆ ಅದು ಮಾರ್ತಾಳ ಮಾತು. ಆ ದಿನ ಬೆಳಕು ಹರಿಯುವಾಗ ನನ್ನನ್ನು ಹತ್ತಿರ ಕರೆದಳು. 'ನನ್ನನ್ನು ಹೊತ್ತರೆ ಮೂವರೂ ಸಿಕ್ಕಿಬೀಳುತ್ತೀರಿ. ಅಣ್ಣ ನನ್ನ ಮಾತು ಕೇಳುವುದಿಲ್ಲ, ನೀನೇ ಹೇಳು. ನಾನು ಹೇಳಿಸಿದೆ ಅಂತ ಅವನಿಗೆ ಯಾವತ್ತೂ ತಿಳಿಯಬಾರದು' ಅಂದಳು. ಮಾತು ಕೊಟ್ಟೆ. ಇವತ್ತು ಮುರಿದೆ. ಸಾಯುವ ಮೊದಲು ಒಂದು ಸಲ ಅವನ ಎದುರು ತಪ್ಪಿಲ್ಲದವನಾಗಿ ನಿಲ್ಲಬೇಕು ಅನ್ನಿಸಿತು."

"ಅವರು ಏನೆಂದರು?"

"ಗೊತ್ತು ಅಂದ."

ಬೇಲಾ ಕಿಟಕಿಯ ಗಾಜು ಏರಿಸಿದರು.

"ಆ ಮನೆಗೆ ಇದ್ದದ್ದು ಒಂದೇ ಕೋಣೆ. ನಡುವೆ ಒಂದು ಪರದೆ. ಅವನಿಗೆ ಎಚ್ಚರವಿತ್ತಂತೆ. ಎಲ್ಲ ಕೇಳಿಸಿಕೊಂಡೂ ನಿದ್ದೆ ಬಂದವನ ಹಾಗೆ ಮಲಗಿದ್ದನಂತೆ."

"ಮತ್ತೆ ಇಷ್ಟು ವರ್ಷ..."

"ನಾನೂ ಅದನ್ನೇ ಕೂಗಿ ಕೇಳಿದ್ದು. ಸತ್ತ ತಂಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ ಅಂದ. ತನ್ನ ಮೇಲೆ ಮಾಡಿಕೊಂಡರೆ ಬದುಕಿರಲು ಆಗುತ್ತಿರಲಿಲ್ಲ ಅಂದ. 'ನೀನೊಬ್ಬ ಇದ್ದೆ' ಅಂದ."

ಪದ್ಮ ಇಳಿಯಬೇಕಾದ ದಾರಿ ತಪ್ಪಿಸಿಬಿಟ್ಟಳು. ತಿರುಗಿಸಿಕೊಳ್ಳಲು ಜಾಗವಿಲ್ಲದೆ ಗೊತ್ತಿಲ್ಲದ ಊರುಗಳನ್ನು ಹಾದು ಎಲ್ಲೆಲ್ಲೋ ಹೋದೆವು.

ಬರ್ಕ್ಲಿಯಲ್ಲಿ ಇಳಿಯುವಾಗ ಬೇಲಾ ಅಂದರು, "ಇಷ್ಟು ದಿನ ಸಿಟ್ಟು ಅವನದಾಗಿತ್ತು. ಇನ್ನು ನನ್ನದು. ಈ ವಯಸ್ಸಿನಲ್ಲಿ ಹೊಸದಾಗಿ ಶುರುಮಾಡಬೇಕು ನೋಡಿ."

ಮತ್ತೆ ಸ್ಯಾನ್ ಹೊಸೆ

ಆಗಸ್ಟಿನಲ್ಲಿ ಬೇಲಾ ಗ್ರಂಥಾಲಯಕ್ಕೆ ಬರುವುದು ಕಡಿಮೆಯಾಯಿತು. ಬಂದ ದಿನವೂ ಮೊಸರನ್ನಕ್ಕೆ ಕೈಚಾಚುತ್ತಿದ್ದರೇ ಹೊರತು ಆ ವಿಷಯ ಎತ್ತುತ್ತಿರಲಿಲ್ಲ. ನಾನೂ ಕೆದಕಲಿಲ್ಲ. ಊರಿಗೆ ಹೊರಡುವ ವಾರ, ಒಂದು ಗುರುವಾರ, ಲಾಯೊಶ್ ಅವರಿಗೆ ಹೇಳಿಬರೋಣವೆಂದು ರೈಲು, ಬಸ್ಸು ಹಿಡಿದು ಒಬ್ಬಳೇ ಸ್ಯಾನ್ ಹೊಸೆಗೆ ಹೋದೆ. ಕಾರಿಲ್ಲದವರು ಅಲ್ಲಿ ಓಡಾಡುವುದು ಎತ್ತಿಲ್ಲದ ಗಾಡಿಯಲ್ಲಿ ಕೂತಂತೆ. ತಲುಪುವಾಗ ಅರ್ಧ ದಿನ ಕಳೆದಿತ್ತು.

ಹಿತ್ತಲಲ್ಲಿ ಇಬ್ಬರೂ ಕೂತಿದ್ದರು. ನಡುವೆ ಒಂದು ಕುರ್ಚಿ ಖಾಲಿ. ಅಲ್ಲಿ ನನ್ನನ್ನು ಕೂರಿಸಿದರು. ಬೇಲಾ ಪ್ರತಿ ಗುರುವಾರ ಬರುತ್ತಾರೆಂದು ಆಗ ತಿಳಿಯಿತು. ಇಬ್ಬರೂ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ, ನನ್ನ ಜೊತೆ ಮಾತ್ರ ಮಾತಾಡುತ್ತಿದ್ದರು. "ಅವನಿಗೆ ಕಾಫಿ ಬೇಕೇ ಕೇಳಿ" ಎನ್ನುವರು ಲಾಯೊಶ್. "ಅವನ ಕಾಫಿ ಕುಡಿಯಲಾಗುವುದಿಲ್ಲ ಅಂತ ಹೇಳಿ" ಎನ್ನುವರು ಬೇಲಾ. ನಮ್ಮ ಕಡೆಯ ಸಂಬಂಧಿಕರ ಮನೆಗೇ ಬಂದಂತಾಯಿತು.

ನಿಮ್ಮ ವಿಷಯ ಬರೆಯಲೇ ಎಂದು ಇಬ್ಬರನ್ನೂ ಕೇಳಿದೆ. ಬದುಕಿರುವವರಾದ್ದರಿಂದ ಆ ಪುಸ್ತಕದಲ್ಲಿ ಜಾಗವಿಲ್ಲ, ಪ್ರವಾಸದ ಬರಹದಲ್ಲಿ ಹೇಳುತ್ತೇನೆ ಎಂದೆ. "ನಿಮ್ಮ ಭಾಷೆಯಲ್ಲಿ ತಾನೇ? ಬರೆಯಿರಿ. ಅವನು ಓದಲಾರ" ಎಂದರು ಬೇಲಾ. "ಬರೆಯಿರಿ. ಸಿದ್ಧಾಂತದಲ್ಲಿ ನಾನೇ ಸರಿ ಎಂದೂ ಬರೆಯಿರಿ" ಎಂದರು ಲಾಯೊಶ್. ಬರೆದಿದ್ದೇನೆ.

ಲಾಯೊಶ್ ಪಾತ್ರೆ ತೊಳೆಯಲು ಒಳಗೆ ಹೋದಾಗ ಬೇಲಾರನ್ನು ಮೆಲ್ಲನೆ ಕೇಳಿದೆ, "ಅವರನ್ನು ಕ್ಷಮಿಸಿದಿರಾ?"

"ಇಲ್ಲ."

"ಮತ್ತೆ ಯಾಕೆ ಇಷ್ಟು ದೂರ ಬರುತ್ತೀರಿ?"

ಅವರು ನನ್ನನ್ನು ಮಂದಬುದ್ಧಿಯ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು.

"ಮಾರ್ತಾಳನ್ನು ನೋಡಿದವರು ಈ ಭೂಮಿಯ ಮೇಲೆ ಇನ್ನು ಯಾರಿದ್ದಾರೆ?"

ಲಾಯೊಶ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಆ ಹೆಸರು ಅವರ ಕಿವಿಗೆ ಬಿದ್ದಿರಬೇಕು. ಕೂರುತ್ತ ನನಗೆಂದೇ ಇಂಗ್ಲಿಷಿನಲ್ಲಿ ಹೇಳಿದರು, "ನನ್ನ ತಂಗಿಗೆ ಹಾಡುವ ಹುಚ್ಚು. ಒಂದು ಸ್ವರವೂ ನೆಟ್ಟಗೆ ಹಿಡಿಯುತ್ತಿರಲಿಲ್ಲ."

"ಚೆನ್ನಾಗಿ ಹಾಡುತ್ತಿದ್ದಳು" ಎಂದರು ಬೇಲಾ, ಅಂದು ಮೊದಲ ಸಲ ನೇರವಾಗಿ ಅವರ ಕಡೆ ತಿರುಗಿ.

"ಚರ್ಚಿನಲ್ಲಿ ಜನ ತಲೆ ಕೆಳಗೆ ಹಾಕಿಕೊಳ್ಳುತ್ತಿದ್ದರು."

"ಪ್ರಾರ್ಥನೆ ಮಾಡುತ್ತಿದ್ದರು!"

"ನಗುತ್ತಿದ್ದರು!"

ಅಲ್ಲಿಂದ ಮಾತು ಹಂಗೇರಿಯನ್‌ಗೆ ಹೊರಳಿತು. ಲಾಯೊಶ್ ಕಣ್ಣು ಮುಚ್ಚಿ ಒಂದು ಸಾಲು ಅಪಸ್ವರದಲ್ಲಿ ಹಾಡಿ ತೋರಿಸಿದರು. ಬೇಲಾ ಕೈಬೀಸಿ ಅದನ್ನು ನಿಲ್ಲಿಸಿ, ಅದೇ ಸಾಲನ್ನು ತಮ್ಮ ರೀತಿಯಲ್ಲಿ ಹಾಡಿದರು. ಅದೂ ಅಷ್ಟೇನೂ ಚೆನ್ನಾಗಿರಲಿಲ್ಲ. ನನಗೆ ಬಸ್ಸಿನ ಹೊತ್ತಾಗಿತ್ತು. ನಾನು ಎದ್ದು ಬಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.